ಒಂದೇ ಸೂರಿನಡಿ: ಲಾರ್ಶ್ ಮನೆಗಳ ಯುವ ಸಹಾಯಕರು

1964ರಲ್ಲಿ ಫ್ರಾನ್ಸಿನ ತ್ರೋಸ್ಲಿ-ಬ್ರೇಯ್ ಹಳ್ಳಿಯಲ್ಲಿ ಜಾನ್ ವಾನಿಯೇ ಆರಂಭಿಸಿದ ‘ಲಾರ್ಶ್’ ಸಮುದಾಯಗಳಿಗೆ, ಅಂದರೆ ಬೌದ್ಧಿಕ ಅಂಗವೈಕಲ್ಯವುಳ್ಳವರೂ ಇಲ್ಲದವರೂ ಕೂಡಿ ಬಾಳುವ ಮನೆಗಳಿಗೆ, ಹಲವು ದೇಶಗಳ ಕ್ರೈಸ್ತ ಯುವಜನರು ‘ಸಹಾಯಕ’ರಾಗಿ ಬರುತ್ತಾರೆ. ಆದರೆ ಸ್ಥಾಪಕ ವಾನಿಯೇ ಹಲವು ಮಹಿಳೆಯರನ್ನು ಲೈಂಗಿಕವಾಗಿ ಶೋಷಿಸಿದ್ದನ್ನು 2020ರಲ್ಲಿ ಸಂಸ್ಥೆಯೇ ತನಿಖೆಯ ಮೂಲಕ ಬಹಿರಂಗಪಡಿಸಿತು. ದುರ್ಬಲರ ಘನತೆಗಾಗಿ ನಿಂತ ಸಂಸ್ಥೆಗೆ ಆ ಸತ್ಯನಿಷ್ಠೆ ಅತ್ಯಗತ್ಯವಾಗಿತ್ತು. ಈ ಮನೆಗಳಲ್ಲಿ ಸ್ನಾನ ಮಾಡಿಸುವುದು, ಉಣಿಸುವುದು, ಮಾತು ಬಾರದವರ ನೋವನ್ನು ಮುಖಭಾವದಿಂದಲೇ ಗ್ರಹಿಸುವುದು ಸಹಾಯಕರ ನಿತ್ಯದ ಕೆಲಸವಾಗಿದ್ದು, ಪರಭಾಷೆಯ ನಾಡಿನಲ್ಲಿ ಇವನ್ನು ಅವರಿಗೆ ಕಲಿಸುವವರು ಬಹುಮಟ್ಟಿಗೆ ಆ ಮನೆಯ ನಿವಾಸಿಗಳೇ ಆದ್ದರಿಂದ, ಕೊಡುವವರು ಯಾರು, ಪಡೆಯುವವರು ಯಾರು ಎಂಬ ಗೆರೆ ಕ್ರಮೇಣ ಅಳಿಯುತ್ತದೆ. ಬೆಂಗಳೂರಿನಲ್ಲಿ 1970ರಲ್ಲಿ ಆರಂಭವಾದ ‘ಆಶಾ ನಿಕೇತನ’ವೂ ಇದೇ ಪರಂಪರೆಯದಾಗಿದ್ದು, ಅಲ್ಲಿ ಬೇರೆ ಬೇರೆ ಧರ್ಮದವರು ಒಟ್ಟಿಗೆ ಬಾಳುತ್ತಾರೆ.