ಮರಿ ಗೆಕ್ಕೊ ಮನೇಲಿ, ನೀವು ಪ್ರವಾಸದಲ್ಲಿ

ಲೆಪರ್ಡ್ ಗೆಕ್ಕೊ ಮರಿ ಸಾಕಿದ್ದೀರಾ? ರಜೆಗೆ ಹೊರಟಿದ್ದೀರಾ? ಹಾಗಾದ್ರೆ ಇದನ್ನ ಕೇಳಿ.

ದೊಡ್ಡ ಗೆಕ್ಕೊ ಬಾಲದಲ್ಲಿ ಕೊಬ್ಬು ಕೂಡಿಟ್ಟಿರುತ್ತೆ, ಎರಡು ಮೂರು ದಿನ ಊಟ ತಪ್ಪಿದ್ರೂ ತಡ್ಕೊಳ್ಳುತ್ತೆ. ಮರಿಯ ಬಾಲ ನೋಡಿ, ಕಡ್ಡಿ ಥರ ಇದೆ. ಅದಕ್ಕೆ ದಿನಾ ಊಟ ಬೇಕೇ ಬೇಕು.

ಒಂದು ವಾರದ ಕ್ರಿಕೆಟ್ ಹುಳುಗಳನ್ನ ಒಟ್ಟಿಗೇ ಸುರಿದು ಹೋಗ್ತಾರೆ ಕೆಲವರು. ದಯವಿಟ್ಟು ಬೇಡ. ತಿನ್ನದೆ ಉಳಿದ ಹುಳುಗಳು ರಾತ್ರಿ ಮರಿಯನ್ನೇ ಕಚ್ಚುತ್ತವೆ: ಬೆರಳು, ಬಾಲ, ಕಣ್ಣಿನ ಅಂಚು.

ನೋಡ್ಕೊಳ್ಳೋಕೆ ಒಬ್ಬರನ್ನ ಗೊತ್ತು ಮಾಡಿ. ಹೊರಡೋ ಮುಂಚೆ ಅವರ ಕೈಯಿಂದಲೇ ಒಮ್ಮೆ ತಿನ್ನಿಸಿ. ಹುಳು, ಮರಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಕ್ಯಾಲ್ಸಿಯಂ ಪುಡೀಲಿ ಹೊರಳಿಸಿ ಹಾಕ್ಬೇಕು. ಉಳಿದಿದ್ದನ್ನ ಆಗಲೇ ತೆಗೀಬೇಕು.

ಥರ್ಮೋಸ್ಟ್ಯಾಟ್ ಇಲ್ಲದ ಹೀಟ್ ಮ್ಯಾಟ್ ನಂಬಿ ಹೋಗ್ಲೇಬೇಡಿ. ಬೆಚ್ಚಗಿನ ಬದಿಯ ನೆಲ 31ರಿಂದ 33 ಡಿಗ್ರಿ ಸೆಲ್ಸಿಯಸ್ ಇರಲಿ, ಇನ್ನೊಂದು ಬದಿ ತಂಪಾಗಿರಲಿ. ಪೊರೆ ಕಳಚೋಕೆ ಅಂತ ಇಟ್ಟಿರೋ ಗೂಡಿನೊಳಗಿನ ಪಾಚಿ ದಿನಾ ಒದ್ದೆ ಇರ್ಬೇಕು. ಅದು ಒಣಗಿದ್ರೆ ಪೊರೆ ಬೆರಳಿಗೆ ಬಿಗಿದು, ರಕ್ತ ಓಡದೆ, ಆ ಪುಟ್ಟ ಬೆರಳೇ ಉದುರಬಹುದು.

ಯಾರೂ ಸಿಗ್ಲಿಲ್ವಾ? ಸರೀಸೃಪಗಳನ್ನ ನೋಡೋ ಪಶುವೈದ್ಯರನ್ನ ಕೇಳಿ, ಮರಿಯನ್ನ ಬಿಡೋಕೆ ಒಳ್ಳೆ ಜಾಗ ಹುಡುಕಿ. ಅದು ಸಿಕ್ಕಮೇಲೇ ಟಿಕೆಟ್ ಬುಕ್ ಮಾಡಿ.