ಮಗಳು ಕಂಡ ತಂದೆ

ಕುಡುಕ ತಂದೆ ಮತ್ತು ಅವನಿಂದ ದೂರವಾಗಿ ಬೆಳೆದ ಮಗಳು, ಇವರಿಬ್ಬರನ್ನು ಕುರಿತ ಒಂದು ಚಲನಚಿತ್ರದ ವಿಚಾರವಾಗಿ ಕೇಳುಗರೊಡನೆ ನಾಲ್ಕು ಮಾತನಾಡಬೇಕೆಂದಿದ್ದೇನೆ. ಚಿತ್ರದ ಹೆಸರು ‘ಡ್ಯಾಡಿ’. ಮಹೇಶ್ ಭಟ್ ಅವರು ದೂರದರ್ಶನಕ್ಕಾಗಿ ಹಿಂದಿಯಲ್ಲಿ ನಿರ್ದೇಶಿಸಿದ ಈ ಚಿತ್ರ ಬಂದದ್ದು 1989ರಲ್ಲಿ. ನಾನು ಅದನ್ನು ಕಂಡದ್ದು ಬೂದಿಕೋಟೆಯಲ್ಲಿ, ಸೋದರಮಾವನವರ ಮನೆಯ ನಡುಮನೆಯಲ್ಲಿ. ಹೈದರಾಲಿ ಹುಟ್ಟಿದ ಊರೆಂದು ಚರಿತ್ರೆಯ ಪುಸ್ತಕಗಳಲ್ಲಿ ಒಂದು ಸಾಲಿನ ಸ್ಥಾನ ಪಡೆದಿರುವ ಆ ಊರಿನಲ್ಲಿ ಆಗ ಟೆಲಿವಿಷನ್ ಇದ್ದ ಮನೆಗಳು ಕೆಲವೇ. ಆದಕಾರಣ ನೋಡಲು ಬಂದವರು ಬೀದಿಯವರೆಲ್ಲ. ಹಿಂದಿ ತಿಳಿದವರು ಇಬ್ಬರೋ ಮೂವರೋ. ಆದರೂ ಯಾರೂ ಎದ್ದುಹೋಗಲಿಲ್ಲ. ಕುಡುಕನ ಕಥೆಗೆ ನಮ್ಮ ಕಡೆ ದುಭಾಷಿ ಬೇಕಾಗುವುದಿಲ್ಲ.

ಕಥೆ ಸರಳವಾದದ್ದು. ಪೂಜಾ ಎಂಬ ಹುಡುಗಿ ತಾಯಿಯ ತಂದೆತಾಯಿಗಳ ಸಿರಿವಂತ ಮನೆಯಲ್ಲಿ ಬೆಳೆಯುತ್ತಾಳೆ. ತಂದೆ ಆನಂದ್ ಒಂದು ಕಾಲದಲ್ಲಿ ಗಾಯಕ; ಈಗ ಮದ್ಯದ ದಾಸ. ಅವನ ನೆರಳು ಮೊಮ್ಮಗಳ ಮೇಲೆ ಬೀಳದಂತೆ ತಾತ ಕಾವಲು ನಿಂತಿದ್ದಾನೆ. ಮಗಳು ಆ ಕಾವಲನ್ನು ದಾಟಿ ತಂದೆಯನ್ನು ಹುಡುಕಿ, ಅವನ ಕುಡಿತದೊಡನೆ ಹೋರಾಡಿ, ಮತ್ತೆ ಹಾಡುವಂತೆ ಮಾಡುತ್ತಾಳೆ. ಆನಂದನಾಗಿ ಅಭಿನಯಿಸಿದ ಅನುಪಮ್ ಖೇರ್ ಅವರಿಗೆ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ತೀರ್ಪುಗಾರರ ವಿಶೇಷ ಮನ್ನಣೆ ದೊರೆಯಿತು. ಅದು ಸಲ್ಲತಕ್ಕದ್ದೇ. ಅಮಲಿನಲ್ಲಿ ತೂರಾಡುವುದನ್ನು ಯಾವ ನಟನಾದರೂ ಮಾಡಿಯಾನು. ಅಮಲಿಳಿದ ಮೇಲೆ ಮಗಳ ಎದುರು ನಿಲ್ಲಬೇಕಾದ ನಾಚಿಕೆಯನ್ನು ಅಭಿನಯಿಸುವುದು ಕಷ್ಟ. ಮಗಳ ಪಾತ್ರ ನಿರ್ದೇಶಕರ ಸ್ವಂತ ಮಗಳು ಪೂಜಾ ಭಟ್ ಅವರದು. ಆಕೆಗೆ ಅದೇ ಮೊದಲ ಚಿತ್ರ.

ನಮ್ಮ ಸಾಹಿತ್ಯಕ್ಕೂ ರಂಗಭೂಮಿಗೂ ಕುಡುಕ ಹೊಸಬನಲ್ಲ. ಜಿ. ಪಿ. ರಾಜರತ್ನಂ ಅವರ ರತ್ನ ತನ್ನ ಹೆಂಡದ ಹಿರಿಮೆಯನ್ನು ತಾನೇ ಹಾಡಿಕೊಂಡವನು. ಹನಿ ಮದ್ಯವನ್ನೂ ಮುಟ್ಟದ ಕವಿಯೊಬ್ಬರು ಕುಡುಕನ ಬಾಯಲ್ಲಿ ಅಷ್ಟು ಜೀವಂತವಾದ ಕನ್ನಡವನ್ನು ನುಡಿಸಿದ್ದು ನಮ್ಮ ಕಾವ್ಯದ ವಿಸ್ಮಯಗಳಲ್ಲೊಂದು. ಮರಾಠಿಯ ರಾಮ ಗಣೇಶ ಗಡಕರಿಯವರ ‘ಏಕಚ್ ಪ್ಯಾಲಾ’ ನಾಟಕ ಕುಡುಕನ ಹೆಂಡತಿಯ ಕಣ್ಣೀರಿನ ಕಥೆ. 1992ರಲ್ಲಿ ಬಂದ ನಮ್ಮ ‘ಜೀವನ ಚೈತ್ರ’ದಲ್ಲಿ ರಾಜಕುಮಾರ್ ಅವರು ಹೆಂಡದಂಗಡಿಗಳ ವಿರುದ್ಧ ನಿಲ್ಲುವ ಊರ ಹಿರಿಯ. ಹೀಗೆ ಕುಡುಕ ತನ್ನನ್ನು ತಾನು ಕಂಡದ್ದುಂಟು, ಹೆಂಡತಿ ಕಂಡದ್ದುಂಟು, ಊರು ಕಂಡದ್ದುಂಟು. ಮಗಳು ಕಂಡದ್ದು ಅಪರೂಪ. ಹೆಂಡತಿಗೆ ಗಂಡ ಮೊದಲು ಹೇಗಿದ್ದನೆಂಬ ನೆನಪಾದರೂ ಇರುತ್ತದೆ. ಮಗಳಿಗೆ ಅದೂ ಇಲ್ಲ. ತಾನು ಕಾಣದ ಒಬ್ಬ ಒಳ್ಳೆಯ ತಂದೆಯನ್ನು ಆಕೆ ಊಹಿಸಿಕೊಂಡು, ಆ ಊಹೆಗಾಗಿ ಎದುರಿಗಿರುವ ಮನುಷ್ಯನೊಡನೆ ಜಗಳವಾಡಬೇಕು. ‘ಡ್ಯಾಡಿ’ಯ ಬಲವಿರುವುದು ಇಲ್ಲಿ.

ಅಂದು ಚಿತ್ರ ಮುಗಿದಾಗ ಹಲವರು ಕಣ್ಣೊರೆಸಿಕೊಂಡರು. ಬಾಗಿಲ ಬಳಿ ಕುಳಿತಿದ್ದ ಅಜ್ಜಿಯೊಬ್ಬರು ಮಾತ್ರ, “ಆ ಮಗೀಗೆ ಬೇರೆ ಕೆಲ್ಸ ಇಲ್ವೇನಪ್ಪ? ಅಪ್ಪನ್ನ ಕಾಯೋದೇ ಕೆಲ್ಸವಾ?” ಎಂದರು. ನಾವೆಲ್ಲ ನಕ್ಕೆವು. ಕಾಲೇಜಿಗೆ ಹೊಸದಾಗಿ ಸೇರಿದ್ದ ಅಧ್ಯಾಪಕ ನಾನು. ಅಜ್ಜಿಗೆ ಕಲೆ ಅರ್ಥವಾಗಲಿಲ್ಲವೆಂದುಕೊಂಡೆ.

ಕೆಲವು ವರ್ಷಗಳ ಮೇಲೆ ಕೋಲಾರದ ಚಿನ್ನದ ಗಣಿಯ ಲೈನ್ ಮನೆಯೊಂದರಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ತಂದೆ ಗಣಿ ಕಾರ್ಮಿಕ. ಮೂರು ಸಾವಿರ ಮೀಟರಿಗೂ ಮಿಕ್ಕ ಆಳಕ್ಕೆ ಇಳಿದಿದ್ದ ಆ ಗಣಿಗಳ ಬಿಸಿ, ಬಂಡೆ ಸಿಡಿಯುವ ಭಯ, ಶ್ವಾಸಕೋಶಕ್ಕೆ ಸೇರುವ ಕಲ್ಲುಧೂಳು ಇವನ್ನೆಲ್ಲ ಬಲ್ಲವರು ಅಲ್ಲಿಯ ಕುಡಿತವನ್ನು ಸುಲಭವಾಗಿ ಹಳಿಯಲಾರರು. ಪಾಳಿ ಮುಗಿದ ಮೇಲೆ ಸಾರಾಯಿ. ಸಂಬಳದ ದಿನವಂತೂ ತಂದೆಯನ್ನು ಬೀದಿಯಿಂದ ಎಬ್ಬಿಸಿ ತರುವ ಕೆಲಸ ಈ ಹುಡುಗಿಯದು. ಒಂದು ದಿನ ಅತ್ತಳು. ನಾನು ‘ಡ್ಯಾಡಿ’ಯ ಕಥೆ ಹೇಳಿ, “ನೋಡಮ್ಮ, ಮಗಳ ಪ್ರೀತಿಗೆ ಎಂಥವನೂ ತಿದ್ದಿಕೊಳ್ಳುತ್ತಾನೆ” ಎಂದೆ. ಸಾಹಿತ್ಯದ ಮೇಷ್ಟ್ರುಗಳು ಹೀಗೆ ಕಥೆಯಿಂದ ಔಷಧ ಕೊಡುವುದುಂಟು.

ಮದ್ಯವ್ಯಸನ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಸೇರಿರುವ ಒಂದು ವ್ಯಾಧಿಯೆಂಬುದನ್ನು ನಾನು ಓದಿ ತಿಳಿದದ್ದು ಬಹಳ ತಡವಾಗಿ. ಬಹುಕಾಲ ಮದ್ಯಕ್ಕೆ ಒಗ್ಗಿದ ದೇಹದಲ್ಲಿ ಅದು ಥಟ್ಟನೆ ನಿಂತರೆ ಕೈ ನಡುಗುತ್ತದೆ, ನಿದ್ದೆ ಹಾರುತ್ತದೆ. ಕೆಲವರಿಗೆ ಎರಡು ಮೂರು ದಿನಗಳೊಳಗೆ ಸೆಳವು ಬರಬಹುದು, ಚಿತ್ತ ಭ್ರಮಿಸಬಹುದು, ಪ್ರಾಣಕ್ಕೇ ಅಪಾಯವಾಗಬಹುದು. ದೇವರ ಮುಂದೆ ಕರ್ಪೂರ ಹಚ್ಚಿಸಿ ಆಣೆ ಮಾಡಿಸುವ ಮನೆಯವರಿಗೆ ಇದು ತಿಳಿದಿರುವುದಿಲ್ಲ. ಮೂರನೆಯ ದಿನ ಆತ ಮತ್ತೆ ಕುಡಿದರೆ, ಮಕ್ಕಳ ಮೇಲೆ ಪ್ರೀತಿಯಿಲ್ಲವೆಂದು ತೀರ್ಮಾನಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲಿ ಇದಕ್ಕೆ ಚಿಕಿತ್ಸೆಯಿದೆ. ಆದರೆ ಅದು ಮಗಳು ಮಾಡುವ ಚಿಕಿತ್ಸೆಯಲ್ಲ. ಅಮೆರಿಕದಲ್ಲಿ 1935ರಲ್ಲಿ ಕುಡುಕರೇ ಸೇರಿ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಬಳಗವನ್ನು ಕಟ್ಟಿಕೊಂಡರು. ಅವರ ಮನೆಯವರಿಗೂ ಒಂದು ಬಳಗ ಬೇಕೆಂದು ‘ಅಲ್-ಅನಾನ್’ ಹುಟ್ಟಿದ್ದು 1951ರಲ್ಲಿ. ನೀವು ಈ ರೋಗಕ್ಕೆ ಕಾರಣರಲ್ಲ, ಇದನ್ನು ಹತೋಟಿಯಲ್ಲಿಡಲಾರಿರಿ, ಗುಣಪಡಿಸಲೂ ಆರಿರಿ ಎಂಬುದು ಅಲ್ಲಿ ಮನೆಯವರಿಗೆ ಕಲಿಸುವ ಮೊದಲ ಪಾಠ. ‘ಡ್ಯಾಡಿ’ ಹೇಳುವುದು ಇದಕ್ಕೆ ಹೆಚ್ಚುಕಡಮೆ ವಿರುದ್ಧವಾದುದನ್ನು.

ಆದರೂ ಚಿತ್ರ ಸುಳ್ಳೆನ್ನಲಾರೆ. ತಾವೂ ಕುಡಿತಕ್ಕೆ ಬಲಿಯಾಗಿದ್ದುದನ್ನು ಮಹೇಶ್ ಭಟ್ ಮುಚ್ಚಿಟ್ಟವರಲ್ಲ. ಅದು ಒಬ್ಬ ತಂದೆ ತನ್ನ ಮಗಳಿಂದ ಬೇಡಿದ ಕ್ಷಮೆಯಂತಿದೆ. ತಂದೆ ಬೇಡಿಕೊಳ್ಳಬಹುದು. ಮಗಳ ಕರ್ತವ್ಯವೆಂದು ನಾವು ಸಾರಬಾರದು, ಅಷ್ಟೆ. ವಿಧಿಯ ಇನ್ನೊಂದು ತಿರುವನ್ನೂ ಹೇಳಬೇಕು. ತೆರೆಯ ಮೇಲೆ ತಂದೆಯನ್ನು ಉಳಿಸಿದ ಪೂಜಾ ಭಟ್ ಮುಂದೆ ತಾವೇ ಈ ವ್ಯಸನಕ್ಕೆ ಸಿಕ್ಕಿ, 2016ರ ಡಿಸೆಂಬರಿನಲ್ಲಿ ಅದನ್ನು ಬಿಟ್ಟರು. ಬಿಟ್ಟದ್ದನ್ನು ನಾಡಿನ ಮುಂದೆ ಸಂಕೋಚವಿಲ್ಲದೆ ಹೇಳಿಕೊಂಡರು. ಕುಡುಕ ಹೆಣ್ಣನ್ನು ಕಂಡರೆ ನಗಲೂ ಒಲ್ಲದ, ಬರೀ ಹೇಸುವ ಸಮಾಜದಲ್ಲಿ ಅದು ಚಿಕ್ಕ ಧೈರ್ಯವಲ್ಲ.

ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಕರ್ನಾಟಕದಲ್ಲಿ ಸಾರಾಯಿ ಮಾರಾಟ 2007ರ ಜುಲೈನಿಂದ ನಿಂತಿತು. ಕುಡಿಯುವವರು ಬೇರೆ ಬಾಟಲಿ ಹಿಡಿದರು. ಆ ವಿದ್ಯಾರ್ಥಿನಿ ಅಷ್ಟರಲ್ಲಿ ಬೆಂಗಳೂರಿನಲ್ಲಿ ಕೆಲಸ ಹಿಡಿದು ಮನೆಯಿಂದ ದೂರವಾಗಿದ್ದಳು. ಬಹಳ ವರ್ಷಗಳ ಮೇಲೆ ಬಂಗಾರಪೇಟೆಯ ನಿಲ್ದಾಣದಲ್ಲಿ ಸಿಕ್ಕಾಗ ಆಕೆಯೇ ಮಾತನಾಡಿಸಿದಳು. “ನೀವು ಹೇಳಿದ್ದನ್ನ ಎರಡು ವರ್ಷ ಮಾಡಿ ನೋಡಿದೆ ಸಾರ್. ನನ್ನ ಪ್ರೀತಿ ಸಾಲದು ಅಂದ್ಕೊಂಡೆ. ಇನ್ನೂ ಚೆನ್ನಾಗಿ ಓದಿದರೆ ಬಿಡ್ತಾರೇನೋ ಅಂದ್ಕೊಂಡೆ.” ಗದ್ಗದವಿರಲಿಲ್ಲ, ದೂರೂ ಇರಲಿಲ್ಲ. ನಾನು ತಪ್ಪಾಯಿತಮ್ಮ ಎಂದೆ. ಆಕೆ ನಕ್ಕು ಬೇರೆ ಮಾತೆತ್ತಿದಳು. ಆಗ ತಿಂಗಳಿಗೊಂದು ಭಾನುವಾರ ರೈಲಿನಲ್ಲಿ ಬಂದು, ತಂದೆಗೆ ಮಾತ್ರೆ ಕೊಟ್ಟು, ಜಗುಲಿಯ ಮೇಲೆ ಅರ್ಧ ಗಂಟೆ ಕುಳಿತಿದ್ದು ಹೋಗುತ್ತಿದ್ದಳಂತೆ. ಕುಡಿದಿದ್ದೀರಾ ಎಂದು ಕೇಳುವುದನ್ನು ಬಿಟ್ಟಿದ್ದಳು. ಅದನ್ನು ಬಿಟ್ಟ ಮೇಲೆ ಅಪ್ಪ ತಾವು ಹುಡುಗರಾಗಿದ್ದಾಗಿನ ವಿಷಯವನ್ನೆಲ್ಲ ಹೇಳತೊಡಗಿದ್ದಾರೆ ಎಂದಳು. ರೈಲು ಬಂದಿತು, ಹತ್ತಿ ಹೋದಳು.