ಬೇರಿಲ್ಲದ ಮದ್ದು

ಬೆಂಗಳೂರು ದಂಡಿನ ಪ್ರದೇಶದಲ್ಲಿ, ಹಲಸೂರಿಗೆ ಸಮೀಪವಾಗಿ, ಮರ್ಫಿ ಟೌನ್ ಎಂಬ ಬಡಾವಣೆಯಿರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಆ ಭಾಗವು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎನಿಸಿಕೊಂಡಿದ್ದ ಕಾಲದಲ್ಲಿ, ದುಡಿದು ಉಣ್ಣುವ ಜನರ ವಾಸಕ್ಕಾಗಿ ಏರ್ಪಟ್ಟು, ಮರ್ಫಿ ಎಂಬ ಇಂಜಿನಿಯರರ ಹೆಸರನ್ನು ಹೊತ್ತುಕೊಂಡ ಸ್ಥಳವದು. ಅಲ್ಲಿಯ ಸಣ್ಣ ಬೀದಿಗಳಲ್ಲಿ ಒಂದು ಮನೆಯ ಒಗ್ಗರಣೆಯ ಘಾಟು ಪಕ್ಕದ ಮನೆಯವರನ್ನು ಸೀನಿಸುವುದುಂಟು. ಒಬ್ಬರ ಕೆಮ್ಮು ಇನ್ನೊಬ್ಬರ ನಿದ್ದೆ ಕೆಡಿಸುವುದೂ ಉಂಟು.

ಕೆಲವು ದಿನಗಳ ಹಿಂದೆ ನಾವು ಅಲ್ಲಿನ ಪರಿಚಿತರೊಬ್ಬರ ಮನೆಗೆ ಹೋಗಿದ್ದೆವು. ಆ ಮನೆಯ ಮೊಮ್ಮಗನಿಗೆ ಕ್ಷಯರೋಗವೆಂದು ಗೊತ್ತಾಗಿ, ಔಷಧಿ ಆರಂಭವಾಗಿ, ಎರಡು ತಿಂಗಳು ಕಳೆದಿದ್ದವು. ಜ್ವರ ಬಿಟ್ಟಿತ್ತು, ಕೆಮ್ಮು ನಿಂತಿತ್ತು, ಹಸಿವು ಹುಟ್ಟಿತ್ತು. ಗುಣವಾದ ಮೇಲೂ ಗುಳಿಗೆ ನುಂಗುವುದೇಕೆಂದು ಹುಡುಗನ ವಾದ. ಸರಕಾರಿ ಆಸ್ಪತ್ರೆಯವರು ಆರು ತಿಂಗಳೆಂದು ಹೇಳಿದ್ದಾರೆಂದು ಅಜ್ಜಿಯ ಹಟ. ಗುಳಿಗೆಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡೇ ಆಕೆ ನಮ್ಮನ್ನು ಕೇಳಿದರು: “ನೀವು ಓದಿದವರು, ಹೇಳಿ ಸ್ವಾಮಿ. ನಮ್ಮ ಕಾಲದಲ್ಲಿ ಕೆಮ್ಮಿಗೆ ಆಡುಸೋಗೆ ಕಷಾಯ ಕಾಯಿಸುತ್ತಿದ್ದೆವು. ಗಿಡ ಹಿತ್ತಲಲ್ಲೇ ಇರುತ್ತಿತ್ತು, ಕಣ್ಣಿಗೆ ಕಾಣುತ್ತಿತ್ತು. ಇದು ಯಾವ ಬೇರಿನದು? ಯಾವ ಎಲೆಯದು?”

ಆ ಹೊತ್ತಿಗೆ ಏನೋ ಒಂದು ಉತ್ತರ ಹೇಳಿ ಬಂದೆವು. ಆದರೆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಪ್ರತಿ ಮನೆಯಲ್ಲಿಯೂ ಒಂದಲ್ಲ ಒಂದು ದಿನ ಹುಟ್ಟುವ ಪ್ರಶ್ನೆ ಇದಾದುದರಿಂದ, ಅದಕ್ಕೆ ತಕ್ಕ ಸಮಾಧಾನವನ್ನು ಇಲ್ಲಿ ಬರೆಯಲು ಯತ್ನಿಸುತ್ತೇವೆ.

ಆ ಡಬ್ಬಿಯಲ್ಲಿದ್ದ ಔಷಧಿಗಳಲ್ಲಿ ಒಂದರ ಹೆಸರು ಐಸೊನಿಯಜಿಡ್. ಅದು ಯಾವ ಬೇರಿನದೂ ಅಲ್ಲ, ಯಾವ ಎಲೆಯದೂ ಅಲ್ಲ. ಮನುಷ್ಯನು ತನ್ನ ಬುದ್ಧಿಯಿಂದ ಗಾಜಿನ ಪಾತ್ರೆಯಲ್ಲಿ ಕಟ್ಟಿದ ವಸ್ತು. ಜೀವಿಗಳ ಶರೀರದಲ್ಲಿ ಹುಟ್ಟುವ ಪದಾರ್ಥಗಳನ್ನು ಪ್ರಯೋಗಶಾಲೆಯಲ್ಲಿ ಮಾಡುವುದು ಅಸಾಧ್ಯವೆಂದೇ ಹಿಂದೆ ವಿದ್ವಾಂಸರು ತಿಳಿದಿದ್ದರು. 1828ರಲ್ಲಿ ಜರ್ಮನಿಯ ವೋಲರ್ ಎಂಬಾತನು ಮೂತ್ರದಲ್ಲಿರುವ ಯೂರಿಯಾವನ್ನು ನಿರ್ಜೀವ ಲವಣದಿಂದ ತಯಾರಿಸಿ ತೋರಿಸಿದಂದಿನಿಂದ ಆ ನಂಬಿಕೆ ಸಡಿಲವಾಯಿತು. ಇಂಗಾಲವನ್ನು ಮೂಲವಾಗಿಟ್ಟುಕೊಂಡು, ಅದಕ್ಕೆ ಜಲಜನಕ, ಆಮ್ಲಜನಕ, ಸಾರಜನಕಗಳನ್ನು ಬೇಕಾದ ಕ್ರಮದಲ್ಲಿ ಜೋಡಿಸಿ, ಪ್ರಕೃತಿಯಲ್ಲಿ ಇರುವ ವಸ್ತುಗಳನ್ನೂ ಇಲ್ಲದ ವಸ್ತುಗಳನ್ನೂ ನಿರ್ಮಿಸುವ ವಿದ್ಯೆಯು ಬೆಳೆಯಿತು. ಇದಕ್ಕೇ ಸೇಂದ್ರಿಯ ರಸಾಯನದ ಸಂಯೋಜನವಿದ್ಯೆಯೆಂದು ಹೆಸರು.

ಗೃಹಿಣಿಯರಿಗೆ ಇದು ತೀರ ಹೊಸ ಮಾತೇನೂ ಅಲ್ಲ. ಅದೇ ಅಕ್ಕಿ, ಅದೇ ಉದ್ದು; ರುಬ್ಬಿದ ಹದ, ಬೆರೆಸಿದ ಪ್ರಮಾಣ, ಬೇಯಿಸಿದ ಕ್ರಮ ಬೇರೆಯಾದರೆ ಒಂದು ಇಡ್ಲಿಯಾಗುತ್ತದೆ, ಇನ್ನೊಂದು ದೋಸೆಯಾಗುತ್ತದೆ. ರಸಾಯನಜ್ಞನ ಅಣುಗಳಲ್ಲಿಯೂ ಹಾಗೆಯೇ. ಒಂದು ಪರಮಾಣುವಿನ ಸ್ಥಾನ ಪಲ್ಲಟವಾದರೆ ಮದ್ದಾಗಿದ್ದುದು ನಿರುಪಯೋಗಿಯಾದೀತು, ನಿರುಪಯೋಗಿಯಾಗಿದ್ದುದು ಮದ್ದಾದೀತು. ಈ ಅಡುಗೆಗೆ ಬೇಕಾದ ಸಾಮಗ್ರಿಯ ಬಹುಭಾಗ ಮೊದಲು ದೊರೆತದ್ದು ಕಲ್ಲಿದ್ದಲನ್ನು ಮುಚ್ಚಿದ ಕುಲುಮೆಯಲ್ಲಿ ಕಾಯಿಸಿದಾಗ ಇಳಿಯುವ ಡಾಂಬರಿನಂಥ ಕರಿಯ ದ್ರವದಿಂದ. ಜನರು ಕಸವೆಂದು ಎಸೆಯುತ್ತಿದ್ದ ಅದರಿಂದಲೇ ಬಣ್ಣಗಳು ಬಂದವು. ಬಣ್ಣಗಳ ಬೆನ್ನಹಿಂದೆ ಔಷಧಿಗಳು ಬಂದವು.

1912ರಲ್ಲಿ ಪ್ರಾಗ್ ನಗರದಲ್ಲಿ ಹಾನ್ಸ್ ಮೆಯರ್ ಮತ್ತು ಜೋಸೆಫ್ ಮಾಲಿ ಎಂಬ ಇಬ್ಬರು ರಸಾಯನಜ್ಞರು ಐಸೊನಿಕೊಟಿನಿಕ್ ಆಮ್ಲದಿಂದ ಬಂದ ಒಂದು ವಸ್ತುವನ್ನು ಹೈಡ್ರಜೀನ್ ಎಂಬುದರೊಡನೆ ಕೂಡಿಸಿ ಬಿಳಿಯ ಹರಳುಗಳನ್ನು ಪಡೆದರು. ಅದು ಎಷ್ಟು ಶಾಖಕ್ಕೆ ಕರಗುತ್ತದೆ, ಯಾವ ಯಾವ ಧಾತುಗಳಿಂದ ಆಗಿದೆ ಎಂಬುದನ್ನು ಬರೆದು ಪ್ರಕಟಿಸಿ ತಮ್ಮ ದಾರಿ ಹಿಡಿದರು. ಅದು ಔಷಧವಾದೀತೆಂಬ ಯೋಚನೆ ಅವರಿಗೆ ಬರಲಿಲ್ಲ. ಕ್ಷಯದ ಕ್ರಿಮಿಯನ್ನು ರಾಬರ್ಟ್ ಕಾಕ್ 1882ರಲ್ಲಿಯೇ ಗುರುತಿಸಿದ್ದನು. ಶತ್ರು ಯಾರೆಂಬುದು ತಿಳಿದಿತ್ತು, ಅವನನ್ನು ಕೊಲ್ಲುವ ಆಯುಧವೂ ತಯಾರಾಗಿತ್ತು; ಆದರೆ ಒಂದಕ್ಕೊಂದು ಪರಿಚಯವಾಗಲು ಮತ್ತೆ 40 ವರ್ಷ ಹಿಡಿಯಿತು. ಆ 40 ವರ್ಷಗಳಲ್ಲಿ ಎಷ್ಟು ಮನೆಗಳ ದೀಪ ಆರಿತೋ!

ಹೀಗಾದುದು ಇದೊಂದೇ ಸಲವಲ್ಲ. ಸಲ್ಫನಿಲಮೈಡ್ ಎಂಬ ವಸ್ತುವನ್ನು 1908ರಲ್ಲಿ ವಿಯೆನ್ನಾದ ಗೆಲ್ಮೊ ಎಂಬಾತನು ಮಾಡಿದ್ದನು. ಅದೂ ಪುಸ್ತಕದಲ್ಲಿ ಮಲಗಿತು. ಮುಂದೆ ಜರ್ಮನಿಯಲ್ಲಿ ಮೀಟ್ಷ್ ಮತ್ತು ಕ್ಲಾರರ್ ಎಂಬ ರಸಾಯನಜ್ಞರು ಒಂದಾದ ಮೇಲೊಂದು ಬಣ್ಣವನ್ನು ಮಾಡಿಕೊಡುತ್ತಿರಲು, ವೈದ್ಯ ಡೊಮಾಕ್ ಅವುಗಳನ್ನು ರೋಗ ತಗುಲಿಸಿದ ಇಲಿಗಳಿಗೆ ಕೊಟ್ಟು ಪರೀಕ್ಷಿಸುತ್ತಿದ್ದನು. ಪ್ರಾಂಟೊಸಿಲ್ ಎಂಬ ಕೆಂಬಣ್ಣ ಇಲಿಗಳನ್ನು ಬದುಕಿಸಿತು. ಆತನ ಮಗಳ ಕೈಗೆ ಸೂಜಿ ಚುಚ್ಚಿ ನಂಜೇರಿದಾಗ ಅವಳನ್ನೂ ಉಳಿಸಿತು. ಈ ವಿಷಯ 1935ರಲ್ಲಿ ಪ್ರಕಟವಾದ ಮೇಲೆ ಪ್ಯಾರಿಸಿನ ವಿದ್ವಾಂಸರು ಇನ್ನೊಂದು ಸಂಗತಿಯನ್ನು ಬಯಲಿಗೆಳೆದರು: ದೇಹದೊಳಗೆ ಆ ಬಣ್ಣ ಎರಡಾಗಿ ಒಡೆಯುತ್ತದೆ, ಗುಣ ಮಾಡುವುದು ಬಣ್ಣವಲ್ಲ, ಒಡೆದ ತುಂಡು. ಆ ತುಂಡೇ ಗೆಲ್ಮೊ ಮಾಡಿಟ್ಟಿದ್ದ ಸಲ್ಫನಿಲಮೈಡ್!

ಆದಕಾರಣ ಹೊಸ ವಸ್ತುವನ್ನು ಮಾಡುವುದು ಅರ್ಧ ಕೆಲಸ. ಅದರ ಗುಣವನ್ನು ಹುಡುಕುವುದು ಮಿಕ್ಕರ್ಧ. ರಸಾಯನಜ್ಞನೂ ವೈದ್ಯನೂ ಒಂದೇ ಗಾಡಿಗೆ ಹೂಡಿದ ಎರಡೆತ್ತುಗಳಂತೆ ನಡೆದಾಗಲೇ ದಾರಿ ಸಾಗುತ್ತದೆ.

ಕ್ಷಯದ ವಿಷಯದಲ್ಲಿ ಆ ದಾರಿ ಹೀಗೆ ಸಾಗಿತು. ಮಣ್ಣಿನ ಸೂಕ್ಷ್ಮಜೀವಿಯಿಂದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಅಮೆರಿಕದಲ್ಲಿ ದೊರೆಯಿತು. ಅದೇ ಸುಮಾರಿಗೆ ಸ್ವೀಡನ್ನಿನ ಲೇಮನ್ ಎಂಬ ವೈದ್ಯನು ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿದನು. ಆಸ್ಪಿರಿನ್ನಿನ ಬಂಧುವಾದ ಸ್ಯಾಲಿಸಿಲಿಕ್ ಆಮ್ಲ ಸೋಂಕಿದರೆ ಕ್ಷಯದ ಕ್ರಿಮಿ ಹೆಚ್ಚು ಉಸಿರಾಡುತ್ತದೆಂದು ತಿಳಿದುಬಂದಿತ್ತು. ಹಾಗಾದರೆ ಅದು ಆ ಕ್ರಿಮಿಯ ಆಹಾರವಿರಬೇಕು. ಆ ಆಹಾರದ ರೂಪವನ್ನೇ ಕೊಂಚ ಬದಲಾಯಿಸಿ ಇಟ್ಟರೆ ಕ್ರಿಮಿ ಮೋಸಹೋಗಬೇಕು. ರಸಾಯನಜ್ಞರು ಹಾಗೆಯೇ ಮಾಡಿಕೊಟ್ಟರು. ಪಾಸ್ ಎಂಬ ಔಷಧಿ ಹುಟ್ಟಿದ್ದು ಹೀಗೆ.

ಇತ್ತ ಡೊಮಾಕನ ಬಳಗದವರು ಥಯೋಸೆಮಿಕಾರ್ಬಜೋನ್ ಎಂಬ ಇನ್ನೊಂದು ವರ್ಗದ ವಸ್ತುಗಳಿಗೆ ಕ್ಷಯವನ್ನು ತಡೆಯುವ ಶಕ್ತಿಯುಂಟೆಂದು ಕಂಡರು. ಬೇರೆಯವರು ಬಿ ವರ್ಗದ ಜೀವಸತ್ತ್ವವಾದ ನಿಕೊಟಿನಮೈಡಿಗೂ ಅಂಥ ಶಕ್ತಿ ಅಲ್ಪಸ್ವಲ್ಪವುಂಟೆಂದು ಕಂಡರು. ಇವೆರಡರ ಅಂಗಗಳನ್ನು ಒಂದೇ ಅಣುವಿನಲ್ಲಿ ಕೂಡಿಸಿದರೆ ಹೇಗೆ? ಅಮೆರಿಕದ ಎರಡು ಕಂಪನಿಗಳಲ್ಲಿಯೂ ಜರ್ಮನಿಯ ಒಂದು ಕಂಪನಿಯಲ್ಲಿಯೂ, ಒಬ್ಬರ ಸುದ್ದಿ ಒಬ್ಬರಿಗೆ ತಿಳಿಯದಂತೆ, ಕ್ಷಯದ ಹೊಸ ಮದ್ದಿನ ಹುಡುಕಾಟ ನಡೆದಿತ್ತು. ಅಂತಹ ಅಣುವನ್ನು ಹಂತಹಂತವಾಗಿ ಕಟ್ಟಬೇಕು. ನಡುವಿನ ಹಂತದ ವಸ್ತುಗಳು ಮನೆ ಕಟ್ಟುವಾಗಿನ ಸಾರುವೆಯ ಹಾಗೆ, ಕೆಲಸ ಮುಗಿದ ಮೇಲೆ ಬೇಡವಾದವು. ಆದರೆ ಹಾಗೆ ನಡುವೆ ಬಂದ ಒಂದು ವಸ್ತುವನ್ನು ಪರೀಕ್ಷಿಸಿದಾಗ, ಗುರಿಯಾಗಿಟ್ಟುಕೊಂಡಿದ್ದ ವಸ್ತುವಿಗಿಂತ ಅದೇ ಬಲಶಾಲಿಯೆಂದು ತಿಳಿಯಿತು. ಅದು ಬೇರಾವುದೂ ಅಲ್ಲ. ಪ್ರಾಗಿನಲ್ಲಿ 1912ರಲ್ಲಿ ಹುಟ್ಟಿದ್ದ ಬಿಳಿಯ ಹರಳು. 1952ರಲ್ಲಿ ಮೂರು ಕಡೆಯವರೂ ಅದನ್ನು ಲೋಕಕ್ಕೆ ಸಾರಿದರು. ವಸ್ತು ಹಳೆಯದಾಗಿದ್ದುದರಿಂದ ಅದು ತನ್ನದೇ ಎಂದು ಹಕ್ಕು ಪಡೆಯಲು ಯಾರಿಗೂ ಆಗಲಿಲ್ಲ. ಹಾಗಾಗಿ ಬಡವರ ರೋಗಕ್ಕೆ ಅಗ್ಗದ ಮದ್ದು ದೊರೆಯಿತು.

ಅಗ್ಗದ ಗುಳಿಗೆ ಬಂದರೂ, ಕ್ಷಯರೋಗಿಯೆಂದರೆ ಸ್ಯಾನಟೋರಿಯಮ್ಮಿನಲ್ಲಿ ತಿಂಗಳುಗಟ್ಟಲೆ ಮಲಗಬೇಕೆಂಬ ಭಾವನೆ ಹೋಗಿರಲಿಲ್ಲ. ಅಷ್ಟು ಹಾಸಿಗೆ ನಮ್ಮ ದೇಶದಲ್ಲಿ ಎಲ್ಲಿ ಬರಬೇಕು? 1956ರಲ್ಲಿ ಮದರಾಸಿನಲ್ಲಿ ಏರ್ಪಟ್ಟ ಕ್ಷಯ ಸಂಶೋಧನ ಕೇಂದ್ರದವರು 193 ರೋಗಿಗಳನ್ನು ತೆಗೆದುಕೊಂಡು, ಕೆಲವರನ್ನು ಸ್ಯಾನಟೋರಿಯಮ್ಮಿನಲ್ಲಿಯೂ ಕೆಲವರನ್ನು ಅವರವರ ಮನೆಯಲ್ಲಿಯೂ ಇಟ್ಟು, ಎರಡು ಪಂಗಡಕ್ಕೂ ಐಸೊನಿಯಜಿಡ್ ಮತ್ತು ಪಾಸ್ ಕೊಟ್ಟರು. ಮನೆಯಲ್ಲಿದ್ದವರು ಬಹುಮಟ್ಟಿಗೆ ಅಷ್ಟೇ ಚೆನ್ನಾಗಿ ಗುಣವಾದರೆಂದು 1959ರಲ್ಲಿ ಪ್ರಕಟವಾಯಿತು; ಮನೆಯವರಿಗೆ ಅದರಿಂದ ಹೆಚ್ಚಿನ ಅಪಾಯವಾಗಲಿಲ್ಲವೆಂದೂ ತಿಳಿದುಬಂದಿತು. ಅದೇ ವರ್ಷ ನಮ್ಮ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಏರ್ಪಟ್ಟಿತು. 1960ರಲ್ಲಿ ಪ್ರಧಾನಿ ನೆಹರೂ ಅವರು ಅದನ್ನು ಉದ್ಘಾಟಿಸಿದರು. ಆ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ, ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಪರಿಹಾರ ಹುಡುಕಿಕೊಂಡು ಹೋಗಿದ್ದರೆಂದು ಕಂಡುಕೊಂಡರು. ಜನ ಅಜ್ಞಾನದಿಂದ ಸುಮ್ಮನಿದ್ದಾರೆಂಬ ಮಾತು ಸುಳ್ಳಾಯಿತು. ಬಂದವರಿಗೆ ಮದ್ದು ಕೊಡುವ ವ್ಯವಸ್ಥೆಯೇ ಕೊರತೆಯಾಗಿತ್ತು. ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ 1962ರಲ್ಲಿ ಆರಂಭವಾದುದು ಇಂತಹ ಅನುಭವದ ತಳಹದಿಯ ಮೇಲೆ. ಮರ್ಫಿ ಟೌನಿನ ಹುಡುಗನು ತನ್ನ ಮನೆಯಲ್ಲೇ ಅಜ್ಜಿಯ ಕೈಯಿಂದ ಗುಳಿಗೆ ನುಂಗುತ್ತಿರುವುದು ಅದರ ಫಲ.

ಇಂದು ಆ ಡಬ್ಬಿಯಲ್ಲಿ ನಾಲ್ಕು ಔಷಧಿಗಳುಂಟು. ಐಸೊನಿಯಜಿಡ್, ಪೈರಜಿನಮೈಡ್, ಎಥಾಂಬ್ಯುಟಾಲ್ ಎಂಬ ಮೂರು ಪೂರ್ತಿಯಾಗಿ ರಸಾಯನಜ್ಞರ ಸೃಷ್ಟಿ. ಮೂತ್ರಕ್ಕೆ ಕಿತ್ತಳೆ ಬಣ್ಣ ಬರಿಸುವ ರಿಫಾಂಪಿಸಿನ್ ಮಾತ್ರ ಸೂಕ್ಷ್ಮಜೀವಿ ಅರ್ಧ ಮಾಡಿದ್ದನ್ನು ಮನುಷ್ಯನು ತಿದ್ದಿ ಮುಗಿಸಿದ್ದು. ಆದುದರಿಂದ ಈ ವಿದ್ಯೆಯು ಪ್ರಕೃತಿಗೆ ಎದುರಾಳಿಯೆಂದು ಭಾವಿಸಬೇಕಾಗಿಲ್ಲ.

ಈ ವಿದ್ಯೆ ಬೆಂಗಳೂರಿಗೆ ಪರಕೀಯವೂ ಅಲ್ಲ. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ 1911ರಲ್ಲಿ ಪಾಠಗಳು ಮೊದಲಾದಾಗಿನ ಕಾಲದಿಂದಲೂ ಸೇಂದ್ರಿಯ ರಸಾಯನಕ್ಕೆ ಅಲ್ಲಿ ಸ್ಥಾನವುಂಟು. ಈಚೆಗೆ ಆಸ್ಟ್ರಾಜೆನೆಕಾ ಕಂಪನಿಯ ಬೆಂಗಳೂರಿನ ಪ್ರಯೋಗಶಾಲೆಯವರು ಕ್ಷಯದ ಕ್ರಿಮಿಯು ತನ್ನ ಕವಚವನ್ನು ಕಟ್ಟದಂತೆ ತಡೆಯುವ ಅಜಾಇಂಡೋಲ್ ಎಂಬ ವರ್ಗದ ಹೊಸ ವಸ್ತುಗಳನ್ನು ನಿರ್ಮಿಸಿ, 2013 ಮತ್ತು 2014ರಲ್ಲಿ ಪ್ರಕಟಿಸಿದರು. ಕಂಪನಿಯು 2014ರಲ್ಲಿ ಇಲ್ಲಿಯ ಸಂಶೋಧನೆಯನ್ನು ನಿಲ್ಲಿಸಿತು. ಆದರೂ ಅವುಗಳಲ್ಲೊಂದು ಬೇರೆಯವರ ಕೈಯಲ್ಲಿ ಮುಂದುವರಿದು ಮನುಷ್ಯರ ಮೇಲಿನ ಪರೀಕ್ಷೆಯ ಹಂತಕ್ಕೆ ಬಂದಿತು.

ಹೊಸ ಮದ್ದು ಮತ್ತೇಕೆ ಬೇಕೆಂದು ಕೇಳಬಹುದು. ಉತ್ತರ ಆ ಹುಡುಗನ ವಾದದಲ್ಲಿಯೇ ಇದೆ. ಎರಡು ತಿಂಗಳಲ್ಲಿ ಸಾಯುವುದು ಕ್ರಿಮಿಗಳ ದೊಡ್ಡ ಗುಂಪು; ಗಟ್ಟಿ ಜೀವದ ಕೆಲವು ಅವಿತು ಉಳಿದಿರುತ್ತವೆ. ಆಗ ಔಷಧಿ ಬಿಟ್ಟರೆ ಅವು ಮತ್ತೆ ಹೆಚ್ಚುತ್ತವೆ. ಔಷಧಿಯನ್ನು ಬಿಟ್ಟು ಬಿಟ್ಟು ಹಿಡಿದರೆ ಅದಕ್ಕೆ ಬಗ್ಗದ ಸಂತಾನ ಮೇಲುಗೈ ಪಡೆಯುತ್ತದೆ. ಒಂದೇ ಔಷಧಿಯನ್ನು ಕೊಡದೆ ನಾಲ್ಕನ್ನು ಕೂಡಿಸಿ ಕೊಡುವುದೂ ಈ ಕಾರಣದಿಂದಲೇ. ಹಾಗೆ ಬಗ್ಗದ ಕ್ಷಯಕ್ಕೆ ಬೆಡಾಕ್ವಿಲಿನ್ ಎಂಬ ಹೊಸ ವರ್ಗದ ಮದ್ದು 2012ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯುವಷ್ಟರಲ್ಲಿ ಸುಮಾರು 40 ವರ್ಷಗಳು ಕಳೆದಿದ್ದವು. ರಸಾಯನಜ್ಞನು 40 ವರ್ಷ ದುಡಿದು ತಂದುದನ್ನು ನಾವು ನಾಲ್ಕು ತಿಂಗಳ ಉದಾಸೀನದಿಂದ ಕಳೆದುಕೊಳ್ಳಬಾರದು.

ಈ ಗುಳಿಗೆಗಳಿಂದ ತೊಂದರೆಯೇ ಇಲ್ಲವೆಂದು ನಾವು ಹೇಳುವುದಿಲ್ಲ. ಕೆಲವರಿಗೆ ಪಿತ್ತಜನಕಾಂಗ ಕೆಟ್ಟು ಕಣ್ಣು ಹಳದಿಯಾಗುವುದುಂಟು. ಐಸೊನಿಯಜಿಡ್ಡಿನಿಂದ ಪಾದ ಜೋಮು ಹಿಡಿಯುವುದುಂಟು. ಎಥಾಂಬ್ಯುಟಾಲಿನಿಂದ ದೃಷ್ಟಿ ಮಂಜಾಗುವುದುಂಟು. ಇವು ಕಂಡರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಜೋಮಿಗೆ ಬಿ ಆರು ಎಂಬ ಜೀವಸತ್ತ್ವ ಪರಿಹಾರ. ಮಿಕ್ಕವಕ್ಕೂ ಅವರಲ್ಲಿ ಉಪಾಯವುಂಟು. ತಾವಾಗಿ ನಿಲ್ಲಿಸುವುದು ಮಾತ್ರ ಸಲ್ಲದು.

ಹೋದ ವಾರ ಮತ್ತೆ ಆ ಮನೆಗೆ ಹೋಗಿ ಇಷ್ಟನ್ನೂ ಅಜ್ಜಿಗೆ ತಿಳಿಸಿದೆವು. ಕಲ್ಲಿದ್ದಲಿನ ಕಥೆಯನ್ನು ಆಕೆ ಪೂರ್ತಿ ನಂಬಿದರೋ ಇಲ್ಲವೋ ಅರಿಯೆವು. “ಬೇರು ಯಾವುದಾದರೇನು ಸ್ವಾಮಿ, ಇನ್ನು ನಾಲ್ಕು ತಿಂಗಳು ಅಷ್ಟೆ,” ಎಂದು ಲೋಟದಲ್ಲಿ ನೀರು ತಂದು ಮೊಮ್ಮಗನ ಮುಂದಿಟ್ಟರು. ಅವನು ನಮ್ಮ ಮುಖ ನೋಡಿ, ಏನೂ ಹೇಳದೆ, ಗುಳಿಗೆಯನ್ನು ನುಂಗಿದನು.